19 ಆಲ್ ಹಾಕಿದರೂ ಲೆಟ್ಯೂಸ್ ಹಳದಿಯಾಗುತ್ತಿದೆ, ಯಾವ ಪೋಷಕ ಕೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಯಲಹಂಕದಲ್ಲಿ ಸ್ವಂತ ಮನೆ. ಜನವರಿಯಲ್ಲಿ ತಾರಸಿ ಮೇಲೆ 36 ಗಿಡ ಹಿಡಿಯುವ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಪೋಷಕದ ನೀರಿನಲ್ಲೇ ಬೆಳೆಸುವ) ಪೈಪ್ ಕಿಟ್ ಹಾಕಿಸಿದೆ. ಕೆಳಗೆ 40 ಲೀಟರ್ ಟ್ಯಾಂಕ್, ಪುಟ್ಟ ಪಂಪ್. ಲೆಟ್ಯೂಸ್, ಪಾಲಕ್, ಪುದೀನ ಇಟ್ಟಿದ್ದೇನೆ. ಕಿಟ್ ಜೊತೆ ಬಂದ ಎರಡು ಬಾಟಲಿ ಪೋಷಕ ಇರೋವರೆಗೆ ಚೆನ್ನಾಗಿತ್ತು. ಮುಗಿದ ಮೇಲೆ ಮತ್ತೆ ತರಿಸೋದು ದುಬಾರಿ ಅನಿಸಿತು. ಗೊಬ್ಬರದ ಅಂಗಡಿಯವರು 19:19:19 ಪುಡಿ, ಅದೇ 19 ಆಲ್, ಕೊಟ್ಟು ‘ಇದರಲ್ಲಿ ಎಲ್ಲಾ ಇದೆ’ ಅಂದರು. ಲೀಟರ್‌ಗೆ 2 ಗ್ರಾಂ ಹಾಕುತ್ತಿದ್ದೇನೆ. ಮೂರನೇ ವಾರದಿಂದ ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಲೆಟ್ಯೂಸ್ ಒಳಗಿನ ಎಲೆಗಳ ತುದಿ ಕಂದಾಗಿ ಸುಡುತ್ತಿದೆ. ಟ್ಯಾಂಕ್ ತಳದಲ್ಲಿ ಬಿಳಿ ಪುಡಿ ಕೂತಿದೆ. ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ (ಕರಗಿದ ಲವಣಗಳ ಅಳತೆ) 620. ಗೊಬ್ಬರ ಹಾಕಿದ ಮೇಲೆ 1400 ತೋರಿಸುತ್ತದೆ, ಪಿಎಚ್ 7.8. ನಿಂಬೆಹಣ್ಣು ಹಿಂಡಿದರೆ ಇಳಿಯುತ್ತದೆ, ಎರಡೇ ದಿನಕ್ಕೆ ಮತ್ತೆ ಏರುತ್ತದೆ. ಗೆಳತಿ ಜೀವಾಮೃತ ಹಾಕು ಅನ್ನುತ್ತಾಳೆ. ಅತ್ತೆಗೆ ಇದೆಲ್ಲ ಕೆಮಿಕಲ್ ಸೊಪ್ಪು ಅಂತ ಭಯ. ಯಾವ ಪೋಷಕ ಕೊಳ್ಳಲಿ? ಆರ್‌ಓ ನೀರು ಹಾಕಬೇಕಾ?

ಉತ್ತರ: ನೀವು ಅಂಕಿಗಳನ್ನೆಲ್ಲ ಬರೆದು ಕಳಿಸಿದ್ದು ದೊಡ್ಡ ಉಪಕಾರ. ಅದಕ್ಕಿಂತ ಮುಖ್ಯ, ಆ ಬಿಳಿ ಪುಡಿಯ ಬಗ್ಗೆ ಬರೆದಿದ್ದೀರಿ. ನಿಮ್ಮ ಸಮಸ್ಯೆಯ ಬಹುಪಾಲು ಕಥೆ ಅದರಲ್ಲೇ ಇದೆ. ಇಷ್ಟು ವರ್ಷಗಳಲ್ಲಿ ನಾನು ನೋಡಿದ ತಾರಸಿ ತೋಟಗಳಲ್ಲಿ ಗೊಬ್ಬರ ಕಡಿಮೆಯಾಗಿ ಸೊರಗಿದ ಗಿಡಗಳು ಕಡಿಮೆ. ನೀರು ಎಂಥದು ಅಂತ ತಿಳಿಯದೆ ಪೋಷಕ ಕೊಂಡು ಸೊರಗಿದವೇ ಜಾಸ್ತಿ. ಹಾಗಾಗಿ ಯಾವ ಬಾಟಲಿ ಅನ್ನೋ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಟ್ಯಾಂಕಿನಲ್ಲಿ ಏನು ನಡೆಯುತ್ತಿದೆ ನೋಡೋಣ.

ಗಿಡಕ್ಕೆ ಬೇಕಾದ ಮೂಲವಸ್ತುಗಳು 17. ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದ ಸಿಗುತ್ತವೆ. ಉಳಿದ 14 ಬೇರಿನ ಮೂಲಕ ಬರಬೇಕು. ಮಣ್ಣಿದ್ದರೆ ಅದರಲ್ಲಿ ಅಷ್ಟಿಷ್ಟು ಎಲ್ಲವೂ ಇರುತ್ತವೆ. ನಾವು ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನು ಕೊಟ್ಟರೆ ಸಾಕಾಗುತ್ತದೆ. ಅಂಗಡಿಯವರು ‘ಎಲ್ಲಾ ಇದೆ’ ಅಂದಿದ್ದು ಆ ಲೆಕ್ಕದಲ್ಲಿ. ಅವರು ದಿನವೂ ಮಾತಾಡೋದು ಹೊಲದ ರೈತರ ಜೊತೆ, ಅವರಿಗೆ ಅದು ಸರಿಯಾದ ಮಾತೇ. ನಿಮ್ಮ ಪೈಪಿನಲ್ಲಿ ಮಣ್ಣಿಲ್ಲ. ನೀವು ಹಾಕದೇ ಇದ್ದದ್ದು ಅಲ್ಲಿ ಇರುವುದಿಲ್ಲ.

ನಮ್ಮ ರೈತರು 19 ಆಲ್ ಅಂತ ಕರೆಯುವ ಆ ಪುಡಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ನೂರಕ್ಕೆ ತಲಾ 19 ಭಾಗ ಇವೆ, ಕ್ಯಾಲ್ಸಿಯಂ ಇಲ್ಲ, ಮೆಗ್ನೀಷಿಯಂ ಇಲ್ಲ. ಕೆಲವು ಕಂಪನಿಯವರು ಸೂಕ್ಷ್ಮ ಪೋಷಕ ಚೂರು ಸೇರಿಸಿರುತ್ತಾರೆ, ಬಹಳಷ್ಟು ಪ್ಯಾಕೆಟ್‌ಗಳಲ್ಲಿ ಕಬ್ಬಿಣವೂ ಇರುವುದಿಲ್ಲ. ಇನ್ನೊಂದು ವಿಷಯ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ. ಅದರ 19 ಭಾಗ ಸಾರಜನಕದಲ್ಲಿ ಅರ್ಧದಷ್ಟು ಯೂರಿಯಾ ರೂಪದಲ್ಲಿದೆ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯಂ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ನಿಮ್ಮ ಟ್ಯಾಂಕಿನಲ್ಲಿ ಆ ಕೆಲಸ ಮಾಡೋ ಜೀವಿಗಳು ಅಷ್ಟಾಗಿ ಇಲ್ಲ. ಬೇರು ಯೂರಿಯಾವನ್ನು ನೇರವಾಗಿ ಸ್ವಲ್ಪ ಹೀರಬಲ್ಲದು, ನೈಟ್ರೇಟ್ ಹೀರಿದಷ್ಟು ಸಲೀಸಾಗಿ ಅಲ್ಲ. ಯೂರಿಯಾ ವಿದ್ಯುತ್ ಹರಿಸುವುದಿಲ್ಲ, ಹಾಗಾಗಿ ನಿಮ್ಮ ಮೀಟರ್ ಅದನ್ನು ಕಾಣುವುದೇ ಇಲ್ಲ. ನೀರಿನಲ್ಲಿ ಎಷ್ಟು ಸೇರಿಕೊಂಡಿದೆ ಅಂತ ತಿಳಿಯಲು ನಿಮಗೆ ದಾರಿಯೇ ಇಲ್ಲ ಅಂತಾಯ್ತು, ಅಲ್ವಾ?

ಈಗ ಬಿಳಿ ಪುಡಿ. ಲೀಟರ್‌ಗೆ 2 ಗ್ರಾಂ ಹಾಕಿದಾಗ ರಂಜಕ ಲೀಟರ್‌ಗೆ ಸುಮಾರು 165 ಮಿಲಿಗ್ರಾಂ ಆಗುತ್ತದೆ. ಸೊಪ್ಪಿನ ಗಿಡಗಳಿಗೆ 30ರಿಂದ 50 ಸಾಕು. ನಿಮ್ಮ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಕ್ಯಾಲ್ಸಿಯಂ ಕರಗಿದೆ. ಗೀಸರ್ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಅದೇ. ಪಿಎಚ್ 7.8ರಲ್ಲಿ ಇಷ್ಟೊಂದು ರಂಜಕ ಆ ಕ್ಯಾಲ್ಸಿಯಂ ಜೊತೆ ಸೇರಿತು, ಎರಡೂ ಕಲ್ಲಾಗಿ ತಳಕ್ಕೆ ಕೂತವು. ಅಂದರೆ ನಿಮ್ಮ ನೀರಿನಲ್ಲಿ ಇದ್ದ ಕ್ಯಾಲ್ಸಿಯಂ ಕೂಡ ಬೇರಿಗೆ ಸಿಗದ ಹಾಗೆ ಆಯಿತು. ಲೆಟ್ಯೂಸ್ ತುದಿ ಸುಡೋದು ಕ್ಯಾಲ್ಸಿಯಂ ಕೊರತೆಯ ಗುರುತು. ಕ್ಯಾಲ್ಸಿಯಂ ಹಳೇ ಎಲೆಯಿಂದ ಹೊಸ ಎಲೆಗೆ ಹೋಗುವುದಿಲ್ಲ, ಅದಕ್ಕೇ ಒಳಗಿನ ಎಳೆ ಎಲೆಗಳೇ ಮೊದಲು ಸುಡುತ್ತವೆ. ಕಬ್ಬಿಣವೂ ಹಾಗೇ. ಹೊಸ ಎಲೆ ಹಳದಿ, ನರ ಹಸಿರು ಅಂದರೆ ನೂರಕ್ಕೆ ತೊಂಬತ್ತು ಪಾಲು ಕಬ್ಬಿಣದ ಕೊರತೆ ಅಂತಲೇ ನಾನು ಶುರು ಮಾಡುತ್ತೇನೆ. ಹಳೇ ಎಲೆ, ಕೆಳಗಿನ ಎಲೆ ಮೊದಲು ಹಳದಿಯಾದರೆ ಸಾರಜನಕ ಅಥವಾ ಮೆಗ್ನೀಷಿಯಂ ಕಡೆ ನೋಡಬೇಕು. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಎಷ್ಟೋ ತಪ್ಪು ಖರೀದಿ ತಪ್ಪುತ್ತದೆ.

ತುದಿ ಸುಡೋದಕ್ಕೆ ಬಿಸಿಲಿನ ಪಾಲೂ ಇದೆ. ಕ್ಯಾಲ್ಸಿಯಂ ನೀರಿನ ಜೊತೆಗೇ ಎಲೆಗೆ ಏರಬೇಕು. ಒಳಗಿನ ಎಲೆಗಳು ಮುಚ್ಚಿಕೊಂಡಿರುತ್ತವೆ, ಅಲ್ಲಿಗೆ ಗಾಳಿ ಆಡದೆ ಇದ್ದರೆ ನೀರೂ ಸರಿಯಾಗಿ ಏರುವುದಿಲ್ಲ. ಗಿಡ ಬೇಗ ಬೆಳೆಯುವ ಬಿಸಿಲುಗಾಲದಲ್ಲಿ ಈ ಕಾಟ ಜಾಸ್ತಿ.

ನಿಂಬೆಹಣ್ಣಿನ ವಿಷಯಕ್ಕೆ ಬರೋಣ. ಇದನ್ನು ಬಹಳ ಜನ ಮಾಡುತ್ತಾರೆ, ಅಡುಗೆಮನೆಯ ನಿಂಬೆ ಉಪ್ಪು, ವಿನೆಗರ್ ಕೂಡ ಹಾಕುತ್ತಾರೆ. ಇಳಿಯೋದು ನಿಜ, ನಿಲ್ಲೋದಿಲ್ಲ. ಒಂದು, ಆ ಆಮ್ಲವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಎರಡು, ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ತುಂಬಿರುತ್ತದೆ. ನೀವು ಹಾಕುವ ಆಮ್ಲವನ್ನು ಅದು ನುಂಗುತ್ತಾ ಪಿಎಚ್ ಅನ್ನು ಮೇಲಕ್ಕೇ ಎಳೆಯುತ್ತದೆ. ಬೈಕಾರ್ಬೊನೇಟ್ ಮುಗಿಯುವ ತನಕ ಈ ಹಗ್ಗಜಗ್ಗಾಟ ಮುಗಿಯುವುದಿಲ್ಲ. ನಮಗೆ ಬೇಕಾದ ಪಿಎಚ್ 5.5ರಿಂದ 6.5. ಅದಕ್ಕಿಂತ ಮೇಲೆ ಹೋದರೆ ಕಬ್ಬಿಣ ಹಾಕಿದರೂ ಗಿಡಕ್ಕೆ ದಕ್ಕುವುದು ಕಷ್ಟ.

ಆದ್ದರಿಂದ ನಿಮ್ಮ ಮೊದಲ ಖರ್ಚು ಪೋಷಕದ ಮೇಲೆ ಬೇಡ, ನೀರಿನ ಮೇಲೆ ಇರಲಿ. ಮನೆಯ ಆರ್‌ಓ ನೀರನ್ನು ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿ. ಟಿಡಿಎಸ್ 620 ಇದ್ದದ್ದು ಸುಮಾರು 320ಕ್ಕೆ ಬರುತ್ತದೆ, ಬೈಕಾರ್ಬೊನೇಟ್ ಕೂಡ ಅರ್ಧವಾಗುತ್ತದೆ, ಸ್ವಲ್ಪ ಕ್ಯಾಲ್ಸಿಯಂ ಉಳಿಯುತ್ತದೆ. ಪೂರ್ತಿ ಆರ್‌ಓ ನೀರೇ ಬೇಕು ಅನ್ನೋರಿದ್ದಾರೆ. ನನ್ನ ಅನುಭವದಲ್ಲಿ ಹೊಸಬರಿಗೆ ಅದು ಕಷ್ಟ. ಅದರಲ್ಲಿ ಪಿಎಚ್ ಹಿಡಿದಿಡೋದಕ್ಕೆ ಏನೂ ಇರುವುದಿಲ್ಲ, ಒಂದು ಹನಿ ಆಮ್ಲ ಜಾಸ್ತಿಯಾದರೂ ಧಡಕ್ಕನೆ ಇಳಿದುಬಿಡುತ್ತದೆ. ಆರ್‌ಓದಿಂದ ಹೊರಹೋಗುವ ವೇಸ್ಟ್ ನೀರನ್ನು ಮಾತ್ರ ಈ ಟ್ಯಾಂಕಿಗೆ ಹಾಕಬೇಡಿ. ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ.

ಮಳೆಗಾಲ ಬಂದರೆ ಇನ್ನೂ ಸುಲಭ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಚದರ ಮೀಟರ್ ಜಾಗದಿಂದ 20 ಮಿಲಿಮೀಟರ್‌ನ ಒಂದೇ ಮಳೆಗೆ ಹೆಚ್ಚುಕಡಿಮೆ 200 ಲೀಟರ್. ಅಂದರೆ ನಿಮ್ಮ ಟ್ಯಾಂಕ್ ಐದು ಸಲ ತುಂಬುತ್ತದೆ. ಮೊದಲ ಮಳೆಯ ಧೂಳು ಹರಿದು ಹೋಗಲಿ, ಆಮೇಲೆ ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿಯಿರಿ.

ಒಂದು ಎಚ್ಚರಿಕೆ. ಬೆಂಗಳೂರಿನ ಬಹಳ ಮನೆಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ವಾಟರ್ ಸಾಫ್ಟ್‌ನರ್ ಇರುತ್ತದೆ. ಅದಕ್ಕೆ ಆಗಾಗ ಉಪ್ಪು ಸುರಿಯುತ್ತಾರಲ್ಲ, ಆ ಯಂತ್ರ. ಅದು ನೀರಿನ ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಇಡುತ್ತದೆ. ಬಟ್ಟೆ ಒಗೆಯೋಕೆ, ಸ್ನಾನಕ್ಕೆ ಒಳ್ಳೆಯದು. ಗಿಡಕ್ಕೆ ಬೇಕಾದದ್ದು ಹೋಗಿ ಬೇಡದ್ದು ಬಂದ ಹಾಗೆ. ಒಂದು ಮನೆಯಲ್ಲಿ ಎರಡು ತಿಂಗಳು ಮೂರು ಬಗೆಯ ಪೋಷಕ ಬದಲಾಯಿಸಿದರು, ಪಾಲಕ್ ಎಲೆಯ ಅಂಚು ಒಣಗೋದು ನಿಲ್ಲಲಿಲ್ಲ. ನಾನು ಹೋಗಿ ನೋಡಿದಾಗ ಟ್ಯಾಂಕಿಗೆ ನೀರು ತುಂಬುತ್ತಿದ್ದ ನಲ್ಲಿ ಸಾಫ್ಟ್‌ನರ್ ಆದ ಮೇಲಿನದು. ಅದಕ್ಕಿಂತ ಮುಂಚಿನ ನಲ್ಲಿಯಿಂದ ನೀರು ಹಿಡಿದು, ಅರ್ಧ ಮಳೆನೀರು ಬೆರೆಸಿದ ಮೇಲೆ ಹೊಸ ಎಲೆ ಸರಿಯಾಗಿ ಬಂತು. ನಿಮ್ಮ ಮನೆಯಲ್ಲೂ ಇದ್ದರೆ ಯಾವ ನಲ್ಲಿ ಅಂತ ಒಮ್ಮೆ ನೋಡಿ.

ಇನ್ನು ಯಾವ ಪೋಷಕ. ನಿಮ್ಮ ಮುಂದೆ ಮೂರು ದಾರಿ ಇವೆ, ಮೂರೂ ಬಲ್ಲವನಾಗಿ ಹೇಳುತ್ತೇನೆ.

ಹೈಡ್ರೋಪೋನಿಕ್ಸ್‌ಗೆಂದೇ ಮಾಡಿದ ಎ ಮತ್ತು ಬಿ ಜೋಡಿ ಬಾಟಲಿ ಅಥವಾ ಪುಡಿ ಮೊದಲನೆಯದು. ನಿಮ್ಮ ಕಿಟ್ ಜೊತೆ ಬಂದದ್ದು ಇದೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಮಣ್ಣಿಲ್ಲದ ತರಕಾರಿ ಬೆಳೆಗೆಂದು ‘ಅರ್ಕಾ ಸಸ್ಯ ಪೋಷಕ್ ರಸ್’ ಎಂಬ ದ್ರವ ಪೋಷಕ ರೂಪಿಸಿದೆ. ಯಲಹಂಕದಿಂದ ನಿಮಗೆ ಹೆಸರಘಟ್ಟ ದೂರವೇನಲ್ಲ. ಮೊದಲ ಎರಡು ಮೂರು ಬೆಳೆಗೆ ಈ ದಾರಿಯೇ ಇರಲಿ ಅನ್ನೋದು ನನ್ನ ಸಲಹೆ. ಗಿಡ ಕೈಕೊಟ್ಟರೆ ತಪ್ಪು ಪೋಷಕದ್ದಲ್ಲ, ನೀರಿನದೋ ಬಿಸಿಲಿನದೋ ಅಂತ ಆಗ ಖಚಿತವಾಗಿ ಗೊತ್ತಾಗುತ್ತದೆ. ದುಬಾರಿ ಅನಿಸಿದ್ದು ಸಹಜ. ದ್ರವದ ಬಾಟಲಿಯಲ್ಲಿ ಹೆಚ್ಚಿನ ಪಾಲು ನೀರಿಗೇ ದುಡ್ಡು ಕೊಡುತ್ತೀರಿ, ಪುಡಿಯ ಜೋಡಿ ಸಿಕ್ಕರೆ ಅದನ್ನೇ ಕೊಳ್ಳಿ. ಕೊಳ್ಳುವ ಮುಂಚೆ ಲೇಬಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಕಬ್ಬಿಣ, ಬೋರಾನ್ ಹೆಸರು ಮತ್ತು ಪ್ರಮಾಣ ಎರಡೂ ಇವೆಯಾ ನೋಡಿ. ಬರೀ ಎನ್‌ಪಿಕೆ ಅಂಕಿ ಬರೆದು ‘ಸಂಪೂರ್ಣ ಆಹಾರ’ ಅಂದಿದ್ದರೆ ಬೇಡ. ಜೊತೆಗೆ ಮಾರುವ ಬೇರು ಟಾನಿಕ್, ಹೂವಿನ ಬೂಸ್ಟರ್ ನಿಮ್ಮ ಸೊಪ್ಪಿಗೆ ಸುಮ್ನೆ ಖರ್ಚು.

ಎರಡನೆಯದು, ಬಿಡಿ ಲವಣ ತಂದು ನೀವೇ ಕಲಸುವುದು. ನಾನು ಮಾಡೋದೂ ಇದನ್ನೇ. ಹನಿ ನೀರಾವರಿ ರೈತರಿಗಾಗಿ ಇವೆಲ್ಲ ನಮ್ಮ ಗೊಬ್ಬರದ ಅಂಗಡಿಗಳಲ್ಲೇ ಸಿಗುತ್ತವೆ. ಕ್ಯಾಲ್ಸಿಯಂ ನೈಟ್ರೇಟ್, 13:0:45 ಅಂದರೆ ಪೊಟ್ಯಾಷಿಯಂ ನೈಟ್ರೇಟ್, 0:52:34 ಅಂದರೆ ಮೊನೊ ಪೊಟ್ಯಾಷಿಯಂ ಫಾಸ್ಫೇಟ್, ಮೆಗ್ನೀಷಿಯಂ ಸಲ್ಫೇಟ್, ಕಬ್ಬಿಣದ ಇಡಿಟಿಎ (ಕಬ್ಬಿಣವನ್ನು ನೀರಿನಲ್ಲಿ ಕರಗಿದ ಹಾಗೇ ಹಿಡಿದಿಡುವ) ಪುಡಿ. ಸೊಪ್ಪಿಗೆ ನಾನು ಬಳಸುವ ಅಳತೆ ಹೀಗಿದೆ. ಒಂದು ಲೀಟರ್ ಬಾಟಲಿಗೆ 60 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 2 ಗ್ರಾಂ ಕಬ್ಬಿಣದ ಇಡಿಟಿಎ (12 ಶೇಕಡಾದ್ದು). ಇದು ಎ. ಇನ್ನೊಂದು ಲೀಟರ್ ಬಾಟಲಿಗೆ 40 ಗ್ರಾಂ 13:0:45, 15 ಗ್ರಾಂ 0:52:34, 40 ಗ್ರಾಂ ಮೆಗ್ನೀಷಿಯಂ ಸಲ್ಫೇಟ್. ಇದು ಬಿ. ಹೈಡ್ರೋಪೋನಿಕ್ಸ್‌ಗೆಂದು ಸಿಗುವ ಸೂಕ್ಷ್ಮ ಪೋಷಕದ ಪುಡಿಯನ್ನು 100 ಲೀಟರ್ ನೀರಿಗೆ ಲೇಬಲ್ ಹೇಳಿದಷ್ಟು ಅಳೆದು ಬಿಗೆ ಸೇರಿಸಿ. ಆ ಪುಡಿಯಲ್ಲೇ ಕಬ್ಬಿಣ ಸಾಕಷ್ಟಿದ್ದರೆ ಎಗೆ ಬೇರೆ ಹಾಕಬೇಕಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಎ 10 ಮಿಲಿ, ಬಿ 10 ಮಿಲಿ ಹಾಕಿದರೆ ಇಸಿ (ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಅನ್ನೋ ಅಳತೆ, ಲವಣ ಹೆಚ್ಚಿದಷ್ಟೂ ಇದೂ ಹೆಚ್ಚು) ಹತ್ತಿರಹತ್ತಿರ 1.4 ಬರುತ್ತದೆ. ನಿಮ್ಮ ಬೆರಕೆ ನೀರಿನಲ್ಲಿ ಮೊದಲೇ 0.6 ಇರುವುದರಿಂದ ಬೆಳೆದ ಗಿಡಕ್ಕೂ 7 ಮಿಲಿ ಸಾಕು, ಸಸಿಗಳಿಗೆ 4.

ಎ ಮತ್ತು ಬಿ ಬಾಟಲಿಗಳ ಗಟ್ಟಿ ದ್ರಾವಣವನ್ನು, ಟ್ಯಾಂಕಿನ ನೀರಿನಲ್ಲಿ ತೆಳುವಾಗಿಸದೆ, ನೇರವಾಗಿ ಎಂದೂ ಸೇರಿಸಬಾರದು. ಸೇರಿಸಿದರೆ ಕ್ಯಾಲ್ಸಿಯಂ, ಬಿಯ ಸಲ್ಫೇಟ್ ಜೊತೆ ಜಿಪ್ಸಂ ಆಗುತ್ತದೆ, ರಂಜಕದ ಜೊತೆ ನಿಮ್ಮ ಅದೇ ಬಿಳಿ ಪುಡಿ ಆಗುತ್ತದೆ. ಟ್ಯಾಂಕಿಗೆ ಮೊದಲು ನೀರು ತುಂಬಿ, ಎ ಹಾಕಿ ಕಲಕಿ, ಐದು ನಿಮಿಷ ಬಿಟ್ಟು ಬಿ ಹಾಕಿ. ಕೊನೆಗೆ ಪಿಎಚ್ ನೋಡಿ.

ಈ ದಾರಿಯ ಅಪಾಯಗಳನ್ನೂ ಹೇಳಬೇಕು. ಚಮಚದ ಅಳತೆ ನಡೆಯುವುದಿಲ್ಲ, 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಸೂಕ್ಷ್ಮ ಪೋಷಕದಲ್ಲಿ ಬೋರಾನ್ ತುಂಬಾ ಸೂಕ್ಷ್ಮ. ಲೀಟರ್‌ಗೆ ಅರ್ಧ ಮಿಲಿಗ್ರಾಂ ಒಳಗೇ ಅದರ ಕೆಲಸ ಮುಗಿಯುತ್ತದೆ, ಕೆಲವೇ ಪಟ್ಟು ಜಾಸ್ತಿಯಾದರೆ ಎಲೆ ಸುಡುತ್ತದೆ. ಅಂದಾಜಿನಲ್ಲಿ ಬೋರಾಕ್ಸ್ ಹಾಕೋ ಪ್ರಯೋಗ ಬೇಡ. ಎಲೆಗೆ ಸಿಂಪಡಿಸಲು ಮಾಡಿದ ಮಿಶ್ರಣಗಳಲ್ಲಿ ಸತು ಜಾಸ್ತಿ, ಕಬ್ಬಿಣ ಕಡಿಮೆ ಇರೋದುಂಟು. ಅವನ್ನು ಟ್ಯಾಂಕಿಗೆ ಹಾಕಬೇಡಿ. ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಪ್ಯಾಕೆಟ್ ಬಿಚ್ಚಿಟ್ಟರೆ ನೀರಾಗಿಬಿಡುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನೈಟ್ರೇಟ್ ಲವಣಗಳು ಬೆಂಕಿಗೆ ಇಂಬು ಕೊಡುತ್ತವೆ, ಹಾಗಾಗಿ ಒಲೆ, ಸೀಮೆಎಣ್ಣೆ, ಮಕ್ಕಳ ಕೈ ಎಲ್ಲದರಿಂದ ದೂರ ಇರಲಿ. ನೋಡೋಕೆ ಸಕ್ಕರೆ, ಉಪ್ಪಿನ ಹಾಗೇ ಇರುತ್ತವೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಯಿರಿ.

ಮೂರನೆಯದು ನಿಮ್ಮ ಗೆಳತಿ ಹೇಳಿದ ಜೀವಾಮೃತ. ನಮ್ಮ ತೋಟದ ಮಣ್ಣಿಗೆ ನಾನೂ ಹಾಕುತ್ತೇನೆ, ಅದರ ಮೇಲೆ ನನಗೆ ಗೌರವ ಇದೆ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಕೊಳೆತು ಅದರಲ್ಲಿ ಜೀವಿಗಳು ಹೆಚ್ಚುತ್ತವೆ, ಆ ಜೀವಿಗಳಿಗೆ ಮಣ್ಣು ಮನೆ. ಪೈಪಿನ ನೀರಿನಲ್ಲಿ ಅವುಗಳಿಗೆ ಮನೆ ಇಲ್ಲ, ಬೆಲ್ಲ ಮಾತ್ರ ಇದೆ. ಬೆಲ್ಲ ತಿನ್ನುತ್ತಾ ನೀರಿನ ಆಮ್ಲಜನಕವನ್ನೆಲ್ಲ ಅವೇ ಬಳಸಿಬಿಡುತ್ತವೆ. ಬೇರಿಗೆ ಉಸಿರು ಕಟ್ಟುತ್ತದೆ, ಮೂರು ನಾಲ್ಕು ದಿನಕ್ಕೆ ನೀರು ನಾರುತ್ತದೆ, ಪಂಪಿನಲ್ಲಿ ಲೋಳೆ ಕಟ್ಟುತ್ತದೆ. ಹಸಿಯಾಗಿ ತಿನ್ನುವ ಲೆಟ್ಯೂಸ್ ಪಕ್ಕ ಸಗಣಿ ನೀರು ಹರಿಸೋದು ಆರೋಗ್ಯಕ್ಕೂ ಒಳ್ಳೆಯದಲ್ಲ. ಸಾವಯವವೇ ಬೇಕು ಅನ್ನೋ ಮನಸ್ಸಿದ್ದರೆ ನಾಲ್ಕು ಕುಂಡದಲ್ಲಿ ಮಣ್ಣು, ಎರೆಗೊಬ್ಬರ ಹಾಕಿ ಸೊಪ್ಪು ಬೆಳೆಯಿರಿ. ಅದೂ ಒಳ್ಳೆಯ ದಾರಿಯೇ.

ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ, ಅದಕ್ಕೆ ಸರಿಯಾದ ಉತ್ತರ ಕೊಡಬಹುದು. ಸಗಣಿ ಗೊಬ್ಬರ ಹಾಕಿದರೂ ಬೇರು ಸಾರಜನಕವನ್ನು ಹೆಚ್ಚಾಗಿ ಹೀರುವುದು ನೈಟ್ರೇಟ್ ರೂಪದಲ್ಲೇ. ಚೀಲದಿಂದ ಬಂದ ನೈಟ್ರೇಟ್ ಬೇರೆ, ಕೊಟ್ಟಿಗೆಯಿಂದ ಬಂದ ನೈಟ್ರೇಟ್ ಬೇರೆ ಅಂತ ಬೇರಿಗೆ ಗೊತ್ತಾಗುವುದಿಲ್ಲ. ಪೋಷಕ ಅಂದರೆ ಕೀಟನಾಶಕ ಅಲ್ಲ, ಇದನ್ನು ಅವರಿಗೆ ಬಿಡಿಸಿ ಹೇಳಿ. ಆದರೆ ಅವರ ಅಳುಕಿನಲ್ಲಿ ಒಂದು ನಿಜ ಇದೆ. ಬೆಳಕು ಕಡಿಮೆಯಿದ್ದು ಪೋಷಕ ಜಾಸ್ತಿಯಾದರೆ ಪಾಲಕ್, ಲೆಟ್ಯೂಸ್ ತಮ್ಮ ಎಲೆಯಲ್ಲಿ ನೈಟ್ರೇಟ್ ಕೂಡಿಡುತ್ತವೆ. ಇದು ಮಣ್ಣಿನಲ್ಲಿ ಬೆಳೆದ ಸೊಪ್ಪಿಗೂ ಅನ್ವಯಿಸುತ್ತದೆ. ಯುರೋಪ್ ಒಕ್ಕೂಟ ತಾಜಾ ಪಾಲಕ್‌ಗೆ ಕೆಜಿಗೆ 3500 ಮಿಲಿಗ್ರಾಂ ಎಂಬ ಮಿತಿ ಇಟ್ಟಿರುವುದು ಅದಕ್ಕೇ. ಮನೆಯಲ್ಲಿ ಮಾಡಬಹುದಾದ್ದು ಸುಲಭ. ಕೊಯ್ಯುವ ಮುಂಚೆ ಎರಡು ಮೂರು ದಿನ ಪೋಷಕ ಅರ್ಧಕ್ಕಿಳಿಸಿ, ಇಡೀ ದಿನ ಬಿಸಿಲು ಕಂಡ ಮೇಲೆ ಸಂಜೆ ಕೊಯ್ಯಿರಿ.

ಮೀಟರ್ ಬಗ್ಗೆ ಒಂದು ಮಾತು, ಇದರಿಂದ ಬಹಳ ಜನ ಎಡವುತ್ತಾರೆ. ಟಿಡಿಎಸ್ ಮೀಟರ್ ನಿಜವಾಗಿ ಅಳೆಯೋದು ಇಸಿಯನ್ನೇ. ಅದನ್ನು ಕೆಲವು ಕಂಪನಿಯವರು 500ರಿಂದ ಗುಣಿಸಿ ತೋರಿಸುತ್ತಾರೆ, ಕೆಲವರು 700ರಿಂದ. ಇಸಿ 2 ಇರುವ ಒಂದೇ ನೀರು ಒಂದರಲ್ಲಿ 1000, ಇನ್ನೊಂದರಲ್ಲಿ 1400 ಕಾಣುತ್ತದೆ. ಮೇಲಿನ ಲೆಕ್ಕದಲ್ಲಿ ನಿಮ್ಮದು 500ರ ಮೀಟರ್ ಅಂತ ಹಿಡಿದಿದ್ದೇನೆ, ಡಬ್ಬಿ ಮೇಲೆ ನೋಡಿ ಖಾತ್ರಿ ಮಾಡಿಕೊಳ್ಳಿ. ಮುಂದಿನ ಸಲ ಇಸಿ ತೋರಿಸುವ ಮೀಟರ್ರೇ ಕೊಳ್ಳಿ. ಲೆಟ್ಯೂಸ್‌ಗೆ 1.2ರಿಂದ 1.6, ಪಾಲಕ್, ಪುದೀನಕ್ಕೆ 1.8 ತನಕ ಸರಿ. ಒಂದೇ ಟ್ಯಾಂಕ್ ಇರುವುದರಿಂದ 1.5 ಆಸುಪಾಸಿನಲ್ಲಿಟ್ಟರೆ ಮೂರೂ ಬದುಕುತ್ತವೆ.

ಪಿಎಚ್ ಇಳಿಸಲು ಫಾಸ್ಫಾರಿಕ್ ಆಮ್ಲದ ‘ಪಿಎಚ್ ಡೌನ್’ ಬಾಟಲಿ ತನ್ನಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಹನಿ ಹನಿಯಾಗಿ ಹಾಕಿ, ಪಂಪ್ ಓಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಮೊದಲ ವಾರ ದಿನಾ ನೋಡಿ, ಆಮೇಲೆ ಎರಡು ದಿನಕ್ಕೊಮ್ಮೆ ಸಾಕು.

ಈ ವಾರ ಮಾಡಬೇಕಾದ್ದು ಇಷ್ಟು. ಟ್ಯಾಂಕ್ ಖಾಲಿ ಮಾಡಿ ಬಿಳಿ ಪುಡಿ ಉಜ್ಜಿ ತೊಳೆಯಿರಿ. ಪೈಪುಗಳಲ್ಲಿ ಬರೀ ನೀರು ಒಂದು ಗಂಟೆ ಹರಿಸಿ ಚೆಲ್ಲಿ. ಬೆರಕೆ ನೀರು ತುಂಬಿ, ಎ-ಬಿ ಪೋಷಕ ಅರ್ಧ ಪ್ರಮಾಣದಿಂದ ಶುರು ಮಾಡಿ, ಪಿಎಚ್ 6ಕ್ಕೆ ತನ್ನಿ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ, ಹಳೇ ಎಲೆ ನೋಡಿ ನಿರಾಶರಾಗಬೇಡಿ. ಏಳರಿಂದ ಹತ್ತು ದಿನದಲ್ಲಿ ಬರುವ ಹೊಸ ಎಲೆ ನೋಡಿ. ಬಿಸಿಲಿನ ದಿನಗಳಲ್ಲಿ ಗಿಡ ಪೋಷಕಕ್ಕಿಂತ ನೀರನ್ನೇ ಜಾಸ್ತಿ ಕುಡಿಯುತ್ತದೆ, ಇಸಿ ತಾನಾಗೇ ಏರುತ್ತದೆ. ಆಗ ಬರೀ ನೀರು ತುಂಬಿ, ಪೋಷಕ ಬೇಡ. ಎರಡು ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಬದಲಾಯಿಸಿ.

ಟ್ಯಾಂಕ್ ಬಿಸಿಲಿಗೆ ಇದ್ದರೆ ಇವತ್ತೇ ನೆರಳಿಗೆ ಸರಿಸಿ, ಒದ್ದೆ ಗೋಣಿಚೀಲ ಸುತ್ತಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಬೇರು ಕೊಳೆಯುವ ರೋಗ ಬೇಗ ಹಿಡಿಯುತ್ತದೆ. ನೀರು 25 ಡಿಗ್ರಿ ಒಳಗಿದ್ದರೆ ನೆಮ್ಮದಿ. ಏಪ್ರಿಲ್, ಮೇನಲ್ಲಿ ತಾರಸಿ ಮೇಲೆ ಅದು ಕಷ್ಟ, ಹಾಗಾಗಿ ಆ ಎರಡು ತಿಂಗಳು ಲೆಟ್ಯೂಸ್ ಬಿಟ್ಟು ಹರಿವೆ, ಬಸಳೆ, ಪುದೀನ ಇಡಿ. ನಮ್ಮ ಬಿಸಿಲು ಅವಕ್ಕೆ ಹೊಸದಲ್ಲ.

ಮನೆಯಲ್ಲಿ ಉಳಿದ 19 ಆಲ್ ಎಸೆಯಬೇಡಿ. ಲೀಟರ್‌ಗೆ ಒಂದು ಗ್ರಾಂ ಕಲಸಿ ದಾಸವಾಳ, ಕರಿಬೇವಿನ ಕುಂಡಗಳಿಗೆ ಹದಿನೈದು ದಿನಕ್ಕೊಮ್ಮೆ ಹಾಕಿ. ಎರಡು ವಾರಕ್ಕೊಮ್ಮೆ ಟ್ಯಾಂಕಿನಿಂದ ತೆಗೆಯುವ ಹಳೇ ನೀರನ್ನೂ ಚರಂಡಿಗೆ ಬಿಡದೆ, ಅಷ್ಟೇ ಬರೀ ನೀರು ಬೆರೆಸಿ ಅದೇ ಕುಂಡಗಳಿಗೆ ಹಾಕಿ. ಆ ನೀರು ಹಾಕಿದ ವಾರ 19 ಆಲ್ ಬೇಕಾಗಿಲ್ಲ.